ಸೇಬು ಬಿಟ್ಟಿ, ಅಜ್ಜಿಗೆ ದುಡ್ಡು

ವಿಜಯವಾಡದ ಬೆಂಜ್ ಸರ್ಕಲ್ಲಿನಲ್ಲಿ ಆಟೋಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಕನ್ನಡ ಕೇಳಿಸಿತು. ಕೊರಳಲ್ಲಿ ಬ್ಯಾಂಕಿನ ಐಡಿ ಕಾರ್ಡು ತೂಗಿಸಿಕೊಂಡ ಗಂಡ, ಹೆಂಡತಿ, ನಡುವೆ ಫೋನಿಗೆ ಕಣ್ಣು ನೆಟ್ಟ ಎಂಟು ವರ್ಷದ ಮಗಳು.

“ಕನ್ನಡ ಕಲಿಸೋ ಆ್ಯಪ್ ಅಂತೆ! ಮೂರು ವಾರದಿಂದ ಇವಳು ಕಲಿತಿರೋದು ‘ಸೇಬು ಕೆಂಪಾಗಿದೆ’ ಅಷ್ಟೇ.”

“ಅದು ಫ್ರೀ ಪಾಠ, ಲೀಲಾ. ಮನೆಮಂದಿ ಜೊತೆ ಮಾತಾಡೋದು ಪ್ರೀಮಿಯಂನಲ್ಲಿ ಬರುತ್ತೆ. ವರ್ಷಕ್ಕೆ ಎರಡು ಸಾವಿರ.”

“ಓಹೋ! ಸೇಬಿನ ವಿಷಯ ಬಿಟ್ಟಿ, ಅಜ್ಜಿನ ಮಾತಾಡಿಸೋಕೆ ಎರಡು ಸಾವಿರ!”

“ನಾಳೆ ಅಮ್ಮ ಬರ್ತಾರಲ್ಲೇ. ಹೋದ ಸಲ ಅವರು ‘ಬಾ, ಕೂರು’ ಅಂದಿದ್ದಕ್ಕೆ ಇವಳು ತೆಲುಗಿನ ‘ಕೂರ’, ಅಂದ್ರೆ ಪಲ್ಯ ಅಂದ್ಕೊಂಡು, ‘ಏಂ ಕೂರ?’ ಯಾವ ಪಲ್ಯ ಅಂತ ಕೇಳಿದ್ಲು. ಮೊಮ್ಮಗಳಿಗೆ ನನ್ನ ಮಾತೇ ತಿಳಿಯಲ್ಲ ಅಂತ ಅಮ್ಮ ಅತ್ತೇಬಿಟ್ರು.”

“ಅಳದೆ ಇನ್ನೇನು? ಮನೇಲಿ ನೀವೇ ಇವಳ ಜೊತೆ ತೆಲುಗು ಮಾತಾಡ್ತೀರಿ.”

“ದಿನವೆಲ್ಲ ಕೌಂಟರಲ್ಲಿ ಅದೇ ಆಡಿ ಬಂದಿರ್ತೀನಿ, ಬಾಯಿಗೆ ಅದೇ ಬರುತ್ತೆ ಕಣೆ.”

“ಹಾಗಾದ್ರೆ ನಿಮಗೂ ಒಂದು ಪ್ರೀಮಿಯಂ ಹಾಕ್ಸಿ. ಫ್ಯಾಮಿಲಿ ಪ್ಯಾಕ್ ಇರಬೇಕು, ನೋಡಿ.”

ಆಟೋ ಬಂದು ನಿಂತಿತು. ಹೆಂಡತಿ ಹತ್ತಿದಳು, ಮಗಳ ಕೈಯಿಂದ ಫೋನು ತೆಗೆದುಕೊಂಡಳು, ಪಕ್ಕದ ಸೀಟನ್ನು ಅಂಗೈಯಿಂದ ತಟ್ಟಿದಳು.

“ಬಾ ಪುಟ್ಟಿ, ಕೂರು.”

ಮಗಳು ಹತ್ತಿ ಕೂತಳು.

“ಈಗ ಏನು ಮಾಡಿದೆ, ಹೇಳು?”

“ಕೂತೆ.”

“ಪ್ರೀಮಿಯಂ ಪಾಠ ಮುಗೀತು ಕಣ್ರೀ. ಆ ಎರಡು ಸಾವಿರ ನನ್ನ ಕೈಗೆ ಕೊಟ್ಟು, ನೀವೂ ಬಂದು ಕೂರಿ.”

ಗಂಡನೂ ಹತ್ತಿ ಕೂತ. ಆಟೋ ಹೊರಟಿತು.