ಗರುಡನಿಗಾಗಿ ಹಸಿದವನು

ಕೆರೆಯ ದಡದಲ್ಲೊಂದು ಊರು. ಆ ಊರಿಗೊಬ್ಬ ಶ್ರೀಮಂತ. ಶನಿವಾರ ಬಂತೆಂದರೆ ಗರುಡನನ್ನು ಕಣ್ಣಾರೆ ಕಾಣದೆ ತುತ್ತು ಮುಟ್ಟುವವನಲ್ಲ. ಮಹಡಿಯ ಮೇಲೆ ಅಂಗಾತ ಮಲಗಿ ಆಕಾಶ ನೋಡುವುದೇ ಅವನ ಪೂಜೆ. ನೋಡಿ, ಅದೆಂಥ ನೋಟ! ಬಿಸಿಲು ಕೆರೆಯ ಮೇಲೆ ಕರಗುತ್ತಿತ್ತು, ಮೋಡದ ನೆರಳು ನೀರ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ನೋಡುತ್ತ ನೋಡುತ್ತ ತಾನು ಮಲಗಿದ್ದೇನೋ ತೇಲುತ್ತಿದ್ದೇನೋ ಅವನಿಗೇ ತಿಳಿಯುತ್ತಿರಲಿಲ್ಲ. ಆಗ ಬಿಳಿ ಎದೆಯ, ಇಟ್ಟಿಗೆಗೆಂಪು ರೆಕ್ಕೆಯ ಗರುಡ ಬಂದು ಸುತ್ತು ಹಾಕುತ್ತಿತ್ತು. ಕೆನ್ನೆ ಬಡಿದುಕೊಂಡು ಕೈ ಮುಗಿಯುತ್ತಿದ್ದ. ಆಮೇಲೆಯೇ ಊಟ.

ಒಂದು ಶನಿವಾರ ಎಷ್ಟು ಕಾದರೂ ಗರುಡ ಬರಲಿಲ್ಲ. ಅದು ಕೂರುತ್ತಿದ್ದ ತೆಂಗಿನ ಗರಿಯ ಮೇಲೆ ಕಂದು ಬಣ್ಣದ ಹಕ್ಕಿಯೊಂದು ಕೂತಿತ್ತು.

“ಹದ್ದು ಕಣೇ! ಕೋಳಿಮರಿ ಕದಿಯೋ ದರಿದ್ರ ಹದ್ದು! ನನ್ನ ಸ್ವಾಮಿ ಜಾಗಕ್ಕೇ ಬಂದು ಕೂತಿದೆಯಲ್ಲೇ!” ಎಂದು ಕೂಗಿದ.

ಅಲ್ಲೇ ಮೂಲೆಯಲ್ಲಿ ಸಂಡಿಗೆ ಇಡುತ್ತಿದ್ದ ಹೆಂಡತಿ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. “ಹದ್ದಿನ ಬಾಲ ತುದಿಯಲ್ಲಿ ಕಚ್ಚು ಬಿದ್ದ ಹಾಗಿರತ್ತೆ ಕಣ್ರೀ. ಇದರದ್ದು ಬೀಸಣಿಗೆ ಥರ ಗುಂಡಗಿದೆ. ಒಂಚೂರು ತಡ್ಕೊಳ್ಳಿ.”

“ಬಾಲ ಕಟ್ಕೊಂಡು ನನಗೇನೇ? ಬಣ್ಣ ಕಾಣಲ್ವಾ ನಿಂಗೆ?”

ಗಿಳಿ ಓಡಿಸಲು ಇಟ್ಟಿದ್ದ ಕವಣೆ ಕೈಗೆ ಬಂತು. ಕಲ್ಲು ಹಾರಿತು. ಹಕ್ಕಿ ಗರಿಗಳಿಗೆ ಬಡಿದುಕೊಳ್ಳುತ್ತ ಹಿತ್ತಲ ಗೋಡೆಯ ಮೇಲೆ ಬಿತ್ತು. ಒಂದು ರೆಕ್ಕೆ ಜೋತಿತ್ತು. ಬಾಯಿ ತೆರೆದು ಕೂಗಿತು, ಎಳೆಯ ಕೂಗು.

ಆಗ ಬಂತು ಗರುಡ. ಕಾಲಲ್ಲಿ ಮೀನು ಹಿಡಿದು, ಬೆಳಕಿನೊಳಗಿಂದಲೇ ಬಿಡಿಸಿಕೊಂಡು ಬಂದಂತೆ ಬಂತು. ಶ್ರೀಮಂತನ ಕೈಗಳು ತಾವಾಗಿಯೇ ಮುಗಿದವು. ಗರುಡ ಅವನತ್ತ ತಿರುಗಿಯೂ ನೋಡಲಿಲ್ಲ. ಗೋಡೆಗಿಳಿದು, ಮೀನು ಹರಿದು, ಆ ಕಂದು ಹಕ್ಕಿಯ ಬಾಯಿಗಿಟ್ಟಿತು. ಗರುಡನ ಮರಿ ಬಿಳಿ ಎದೆ ಹೊತ್ತು ಹುಟ್ಟುವುದಿಲ್ಲ, ನೋಡಿ. ಬಹಳ ಕಾಲ ಅದಕ್ಕೂ ಹದ್ದಿನದೇ ಬಣ್ಣ.

“ದರ್ಶನ ಆಯ್ತಲ್ಲ,” ಎಂದಳು ಹೆಂಡತಿ. “ಏಳಿ, ಎಲೆ ಹಾಕ್ತೀನಿ.”

ಎಲೆಯ ಮುಂದೆ ಕೂತ. ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಅಯ್ಯೋ, ಗರುಡನ ಮರಿಗೇ ಹೊಡೆದನಲ್ಲ ಎಂದು ನೀವೆಲ್ಲ ಲೊಚಗುಟ್ಟುತ್ತಿದ್ದೀರಿ. ನಿಲ್ಲಿ. ಅದು ಹದ್ದಿನ ಮರಿಯೇ ಆಗಿದ್ದರೆ? ಆಗ ಕಲ್ಲು ಸರಿಯೇ? ಆಗ ಅವನಿಗೆ ಅನ್ನ ಇಳಿಯುತ್ತಿತ್ತೇ? ಇಳಿಯುತ್ತಿತ್ತು! ದಿನವೂ ನಮಗೆಲ್ಲ ಸಲೀಸಾಗಿ ಇಳಿಯುತ್ತಿದೆ! ಬಾಗಿಲಿಗೆ ಬಂದವರ ಬಟ್ಟೆ ನೋಡುತ್ತೀರಿ, ಯಾವ ಕಡೆಯವರೆಂದು ಕೇಳುತ್ತೀರಿ. ಒಬ್ಬರಿಗೆ ನಡುಮನೆಯ ಕುರ್ಚಿ, ಇನ್ನೊಬ್ಬರಿಗೆ ಹೊಸ್ತಿಲಾಚೆಯ ನೆಲ. ಹಕ್ಕಿಗಳನ್ನು ಗುರುತಿಸಲು ಕಲಿಯಿರಿ ತಾಯಂದಿರೇ, ಅಣ್ಣಂದಿರೇ. ಬಾಲ ನೋಡಿ, ಹಾರುವ ಬಗೆ ನೋಡಿ, ಕಣ್ತುಂಬ ನೋಡಿ. ಯಾರಿಗೆ ಕೈ ಮುಗಿಯಲಿ, ಯಾರಿಗೆ ಕಲ್ಲೆಸೆಯಲಿ ಎಂದು ಆರಿಸುವುದಕ್ಕಾಗಿ ಕಲಿಯಬೇಡಿ. ಈಗ ಮನೆಗೆ ಹೋಗುತ್ತೀರಲ್ಲ, ‘ಅವರಿಗೆ’ ಎಂದು ಹಿತ್ತಲಲ್ಲಿ ಕವುಚಿಟ್ಟ ಲೋಟವೊಂದಿದೆ. ಅದನ್ನು ಒಳಗೆ ತನ್ನಿ. ಮೊದಲು ಅದರಲ್ಲಿ ನೀವು ನೀರು ಕುಡಿಯಿರಿ.