ಗ್ಲೌಸ್ ಹಾಕಿ ಬಡಿದ ರೊಟ್ಟಿ

ಸೋಮವಾರ ಬೆಳಿಗ್ಗೆ ಗೋವಾದ ಕಲಂಗುಟ್ ಬಸ್ ನಿಲ್ದಾಣದಲ್ಲಿ ಗುರುಲಿಂಗ ಬುತ್ತಿ ಬಿಚ್ಚುವಷ್ಟರಲ್ಲಿ ಇಬ್ಬರು ಹೆಂಗಸರು ಪಕ್ಕದಲ್ಲಿ ಬಂದು ಕುಳಿತರು. ಹಿರಿಯವಳು ಟೆಂಟ್ ಕ್ಯಾಂಪಿನಲ್ಲಿ ಶನಿವಾರ, ಭಾನುವಾರ ಅಡುಗೆ ಮಾಡುವವಳೆಂದು ಮಾತಿನಿಂದಲೇ ತಿಳಿಯಿತು.

“ಕ್ಯಾಂಪಿಗೆ ಬಂದೋರಿಗೆ ಆರೋಗ್ಯದ ಊಟ ಬೇಕಂತ. ಎಣ್ಣಿ ಬ್ಯಾಡ, ಜ್ವಾಳದ ರೊಟ್ಟಿನ ಬೇಕಂತ.”

“ಚಲೋ ಆತಲ್ಲ, ಸಾವಂತ್ರಕ್ಕ.”

“ಏನ್ ಚಲೋ? ಬರಿಗೈಲೆ ಬಡದರ ಹೊಲಸಂತ. ಪ್ಲಾಸ್ಟಿಕ್ ಗ್ಲೌಸ್ ಹಾಕ್ಕೊಂಡು ಬಡಿ ಅಂದ ಮ್ಯಾನೇಜರ.”

“ಹಿಟ್ಟಿಗೆ ಅದು ಹತ್ಕೊಳ್ಳೂದಿಲ್ಲೇನ?”

“ಹತ್ತಿತು, ಹರೀತು. ಕಡೀಕ ನೋಡಿದ್ರ ಗ್ಲೌಸಿನ ಒಂದು ಬೆರಳಿನ ತುದಿನ ಇಲ್ಲ.”

“ಎಲ್ಲಿ ಹೋತು?”

“ರೊಟ್ಟ್ಯಾಗ. ಮ್ಯಾನೇಜರಗ ಹೇಳಿದ್ರ, ‘ಸುಮ್ನ ಬಡಿ, ಅವರಿಗೇನ್ ಗೊತ್ತಾಗತೈತಿ’ ಅಂದ. ಉಣ್ಣಾಕ ಕುಂತೋರಾಗ ಒಬ್ಬಾಕಿ ಹಲ್ಲಾಗಿಂದ ಏನೋ ಜಗ್ಗಿ ತಗದು, ‘ಫೈಬರ್ ಭಾಳ ಐತಿ’ ಅಂತ ನಕ್ಕಳು.”

“ಥೂ. ಮತ್ತ ಶನಿವಾರ ಹೋಗ್ತಿ?”

“ಬರಿಗೈಲೆ ಬಡಿತೀನಿ ಅಂತ ಹೇಳೇನಿ. ಆಗೂದಿಲ್ಲ ಅಂದ್ರ ಕೆಲಸ ಬಿಡ್ತೀನಿ. ರೊಟ್ಟಿ ತಾನ ಬಡ್ಕೊಳ್ಳಲಿ.”

ಬಸ್ ಬಂತು. ಇಬ್ಬರೂ ಹತ್ತಿ ಹೋದರು. ಗುರುಲಿಂಗನ ರೊಟ್ಟಿಯ ಮೇಲೆ ಹೆಂಡತಿಯ ಬೆರಳಿನ ಗುರುತುಗಳು ಸ್ಪಷ್ಟವಾಗಿದ್ದವು. ಆದರೂ ಅವನು ಮುರಿಯುವ ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡಿದ.