ಮಳೆಯಿಲ್ಲದ ದಿನ ಸುಮ್ಮನಿರಬೇಕಾದ ಚರಂಡಿ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ಭಾವನವರೇ, ಅವರ ಮಗಳೇ, ಹಿರಿಯ ಅಧಿಕಾರಿಗಳೇ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಿಂದ ಕೆಲಸ ಬಿಟ್ಟು ಬಂದಿರುವ ಗೆಳೆಯರೇ — ಬಾಗಿಲಲ್ಲೇ ಯಾಕೆ ನಿಂತಿದ್ದೀರಿ, ಒಳಗೆ ಬನ್ನಿ, ಕುರ್ಚಿ ಖಾಲಿ ಇವೆ.

ನಾನು ಈ ಕಚೇರಿಯ ಪ್ರಯೋಗಾಲಯದವನು. ಊರಿನ ಕೊಳಚೆಯನ್ನು ಬಾಟಲಿಗೆ ತುಂಬಿ ಪರೀಕ್ಷೆ ಮಾಡುವುದು ನನ್ನ ಕಸುಬು, ಭಾಷಣ ಮಾಡುವುದಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಿಮಗೆಲ್ಲ ಗೊತ್ತು. ಇವತ್ತೂ ಕೋಪವೇ ಇದೆ — ಅಕ್ಕನ ಮೇಲೆ. ಇಷ್ಟು ಬೇಗ ಈ ಲೋಕ ಬಿಟ್ಟು ಹೊರಡುವ ಅವಸರ ಅವರಿಗೇನಿತ್ತು ಹೇಳಿ.

ನಮ್ಮ ಪರಿಸರ ಅಧಿಕಾರಿಯನ್ನು ನಾವು ಎದುರಿಗೆ ಅಕ್ಕ ಎನ್ನುತ್ತಿದ್ದೆವು, ಬೆನ್ನ ಹಿಂದೆ ಕಿವಿಯಕ್ಕ. ಹಾಗಾಗಿ ಅವರ ಯಜಮಾನರು ನಮಗೆಲ್ಲ ಭಾವ. ನೀವೂ ನೋಡಿದ್ದೀರಿ. ನಡೆಯುತ್ತ ನಡೆಯುತ್ತ ಕೈಚೀಲ ಪಕ್ಕಕ್ಕಿಟ್ಟು, ರಸ್ತೆಯಲ್ಲೇ ಮಂಡಿಯೂರಿ, ಚರಂಡಿಯ ಮುಚ್ಚಳಕ್ಕೆ ಕಿವಿ — ಹೀಗೆ, ಹೀಗೆ — ಆನಿಸಿಬಿಡುತ್ತಿದ್ದರು. ಹೋಗಿ ಬರುವವರು ಯಾರಿಗೋ ತಲೆಸುತ್ತು ಬಂದಿದೆ ಎಂದು ನೀರು ತಂದು ಕೊಟ್ಟದ್ದೂ ಉಂಟು. ಅಕ್ಕ ಆ ನೀರು ಕುಡಿದು, "ಥ್ಯಾಂಕ್ಸಪ್ಪ, ಸ್ವಲ್ಪ ಆ ಕಡೆ ನಿಲ್ತೀಯಾ, ಕೇಳಿಸ್ತಿಲ್ಲ" ಎನ್ನುತ್ತಿದ್ದರು.

ಕೇಳುವುದೇನನ್ನು? ಊರಿಗೆ ಎರಡು ಚರಂಡಿ. ಒಂದು ನಮ್ಮೆಲ್ಲರ ಕೊಳಚೆಯನ್ನು ಶುದ್ಧೀಕರಣ ಘಟಕಕ್ಕೆ ಒಯ್ಯುತ್ತದೆ. ಇನ್ನೊಂದು ಮಳೆನೀರಿನದು, ಅದು ನೇರವಾಗಿ ಹಳ್ಳಕ್ಕೆ ಹೋಗಿ ಬೀಳುತ್ತದೆ. ಅಕ್ಕ ಹೇಳುತ್ತಿದ್ದದ್ದು ಒಂದೇ ಮಾತು: "ಮಳೆ ಇಲ್ಲದ ದಿನ ಮಳೆ ಚರಂಡಿ ಸುಮ್ನಿರಬೇಕು. ಮಾತಾಡ್ತಿದೆ ಅಂದ್ರೆ ಯಾರೋ ಏನೋ ಬಿಡ್ತಿದಾರೆ ಅಂತ."

ಹಳ್ಳ ನಾತ ಹೊಡೆದ ಆ ವರ್ಷ ನಿಮಗೆ ನೆನಪಿದೆ. ಕೆಳಗಿನ ಬಡಾವಣೆಯವರು ಬಂದು ನಮ್ಮ ಬಾಗಿಲಲ್ಲಿ ಕೂತರು. ಎಲ್ಲರ ಬೆರಳೂ ಬಣ್ಣದ ಕಾರ್ಖಾನೆಯ ಕಡೆಗೇ. ಮುಚ್ಚುವ ಆದೇಶ ಟೈಪಾಗಿ ಮೇಜಿನ ಮೇಲಿತ್ತು, ಅಕ್ಕನ ಸಹಿ ಒಂದು ಬಾಕಿ. ಕಾರ್ಖಾನೆಯ ಹೆಂಗಸರು ಕೆಲಸ ಹೋಯಿತೆಂದು ಗೇಟಿನ ಹತ್ತಿರ ಕಣ್ಣೊರೆಸಿಕೊಳ್ಳುತ್ತಿದ್ದರು. ಅಕ್ಕ ಪೆನ್ನು ಮುಚ್ಚಿಟ್ಟರು. "ಕೇಳದೆ ಸಹಿ ಹಾಕಲ್ಲ" ಎಂದವರೇ ಎದ್ದರು.

ನಾನು ನೀರಿನ ದಾರಿ ಪತ್ತೆಹಚ್ಚುವ ಬಣ್ಣದ ಪುಡಿಯ ಡಬ್ಬಿ ಹಿಡಿದು ಗೊಣಗುತ್ತ ಹಿಂದೆ ನಡೆದೆ. ಹಳ್ಳದಿಂದ ಮೇಲಕ್ಕೆ, ಒಂದೊಂದೇ ಮುಚ್ಚಳ. ಒಂದು ಕಡೆ ಚರಂಡಿ ಕವಲೊಡೆಯುತ್ತದೆ. ಕಾರ್ಖಾನೆಯ ಕವಲಿಗೆ ಕಿವಿಯಿಟ್ಟರು — ಸದ್ದೇ ಇಲ್ಲ. ಇನ್ನೊಂದಕ್ಕೆ ಇಟ್ಟರು — ಗುಳುಗುಳು. ಆ ಗುಳುಗುಳು ಹಿಡಿದು ಹೋದರೆ ಎಲ್ಲಿಗೆ ಬಂದೆವು ಗೊತ್ತೇ? ಇಲ್ಲಿಗೆ. ಈ ಕಟ್ಟಡಕ್ಕೆ. ನಾವು ಕೂತಿದ್ದೇವಲ್ಲ, ಆಗಷ್ಟೇ ಕಟ್ಟಿದ್ದ ಇದೇ ಹೊಸ ಭಾಗಕ್ಕೆ.

"ಒಳಗೆ ಹೋಗಿ ಟಾಯ್ಲೆಟ್ಟಲ್ಲಿ ಪುಡಿ ಹಾಕಿ ನೀರು ಬಿಡಿ" ಎಂದರು. ಬಿಟ್ಟೆ. ಸ್ವಲ್ಪ ಹೊತ್ತಿಗೆ ಹಳ್ಳ ಗಿಳಿಹಸಿರು. ಊರಿಗೆಲ್ಲ ನೋಟಿಸ್ ಕೊಡುವ ಕಚೇರಿಯ ಶೌಚದ ಪೈಪೇ ಮಳೆ ಚರಂಡಿಗೆ ಸೇರಿತ್ತು. ನಮ್ಮ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು, ನಾವು ಪಕ್ಕದ ತಟ್ಟೆಯ ನೊಣ ಹುಡುಕುತ್ತಿದ್ದೆವು.

ಇನ್ನೊಂದಿದೆ. ಆ ಪೈಪು ಸರಿಯಾಗಿದೆ ಎಂದು ಸಹಿ ಹಾಕಿದ್ದ ಇಂಜಿನಿಯರು — ಅಕ್ಕನ ಯಜಮಾನರು. ಇದನ್ನು ಹೇಳಲೋ ಬೇಡವೋ ಎಂದು ಬೆಳಿಗ್ಗೆ ಭಾವನನ್ನೇ ಕೇಳಿದೆ. "ಹೇಳಿ. ಅದನ್ನ ಬಿಟ್ಟು ಅವಳನ್ನ ಹೊಗಳಿದ್ರೆ ಅದು ಹೊಗಳಿಕೆನೇ ಅಲ್ಲ" ಎಂದರು.

ಆಗಿನ ದೊಡ್ಡ ಸಾಹೇಬರು ಬಾಗಿಲು ಹಾಕಿಕೊಂಡು, "ಸದ್ದಿಲ್ದೆ ಪೈಪ್ ತಿರುಗಿಸಿಬಿಡೋಣಮ್ಮ, ಕಾಗದ ಯಾಕೆ? ನಿಮ್ಮೆಜಮಾನ್ರ ಬಡ್ತಿ ಬೇರೆ ಬಾಗಿಲಲ್ಲಿದೆ" ಎಂದರು. ಅಕ್ಕ ಕಡ್ಡಿ ಮುರಿದಂತೆ ಹೇಳಿದರು: "ಬೇರೆಯವರಾದ್ರೆ ಕಾಗದ, ನಮ್ಮವರಾದ್ರೆ ಬರೀ ಪೈಪಾ ಸಾರ್?"

ನೋಟಿಸ್ ನಮ್ಮದೇ ಗೇಟಿಗೆ ಅಂಟಿತು. ಶೌಚಾಲಯಕ್ಕೆ ಬೀಗ ಬಿತ್ತು. ಪೈಪು ಸರಿಯಾಗುವ ತನಕ ನಾವೆಲ್ಲ, ಸಾಹೇಬರೂ ಸೇರಿ, ತಲೆ ತಗ್ಗಿಸಿಕೊಂಡು ಹೋದದ್ದು ಎಲ್ಲಿಗೆ? ಬಣ್ಣದ ಕಾರ್ಖಾನೆಗೆ. ಅಲ್ಲಿನ ಮೇಸ್ತ್ರಿ — ಅಗೋ, ನಗುತ್ತಿದ್ದಾರೆ ನೋಡಿ — ದಿನವೂ ಬಾಗಿಲು ತೆಗೆದು, "ಬನ್ನಿ ಸಾರ್, ಸಂಕೋಚ ಬೇಡ, ನಮ್ದು ಸರಿಯಾದ ಪೈಪಿಗೇ ಹೋಗುತ್ತೆ" ಎನ್ನುತ್ತಿದ್ದರು.

ಭಾವನ ಬಡ್ತಿ ನಿಂತುಹೋಯಿತು. ಆ ಸಂಜೆ ಮನೆಯಲ್ಲಿ ಅವರು ಮುಖ ತಿರುಗಿಸಿ ಕೂತಿದ್ದರಂತೆ. "ನನ್ನ ಮೇಲೇ ಬರೀತೀಯಾ?" ಅಂದರಂತೆ. "ಪೈಪಿನ ಮೇಲೆ ಬರೆದೆ. ಸಹಿ ನಿಮ್ಮದಾಗಿದ್ರೆ ನಾನೇನ್ ಮಾಡ್ಲಿ. ಏಳಿ, ಊಟ ತಣ್ಣಗಾಗ್ತಿದೆ." ಆಫೀಸಿನಲ್ಲಿ ನೋಟಿಸ್ ಬಡಿಸಿ, ಮನೆಯಲ್ಲಿ ಊಟ ಬಡಿಸಿದವರು ಅವರು. ಭಾವ ಮರುದಿನ ತಾವೇ ಬಂದು ಗುಂಡಿ ತೋಡಿಸಿ, ಪೈಪು ತಿರುಗುವ ತನಕ ಬಿಸಿಲಲ್ಲಿ ನಿಂತರು. ಆಮೇಲೆ ಗಂಡ ಹೆಂಡತಿ ಇಬ್ಬರೂ ಒಂದೇ ಮುಚ್ಚಳಕ್ಕೆ ಕಿವಿಯಿಟ್ಟು ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಕ್ಕಿದ್ದೆ ಆಗ.

ಅಂಥ ಅಧಿಕಾರಿಯ ಜೊತೆ ಕೆಲಸ ಮಾಡಿದೆ ಎನ್ನುವುದೇ ನನ್ನ ಹೆಮ್ಮೆ. ಬೇರೆ ಬಡ್ತಿ ನನಗೂ ಬೇಡ.

ಕೊನೆಯದಾಗಿ — ಭಾವ, ನಿಮ್ಮ ಪಕ್ಕದ ಕಿಟಕಿ ಸ್ವಲ್ಪ ತೆಗೀತೀರಾ? ಹೌದು, ಅದೇ. ಅದರ ಕೆಳಗೇ ಆ ಮಳೆ ಚರಂಡಿ. ಬಹಳ ದಿನದಿಂದ ಮಳೆ ಬಂದಿಲ್ಲ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ನಾವೂ ಸುಮ್ಮನಿರೋಣ — ಅದೂ ಸುಮ್ಮನಿದೆಯಾ ಎಂದು ಅಕ್ಕನ ಪರವಾಗಿ ಒಂದು ಸಲ ಕೇಳೋಣ.